ಎರಡು ರೂಪಾಯಿಯ ತಕರಾರು

ಯುಗಾದಿ ಕಳೆದು ಎಂಟು ದಿನವಾಗಿತ್ತು. ಬೆಳಿಗ್ಗೆ ಆರೂವರೆ, ಡೈರಿಗೆ ಹಾಲು ಹಾಕುವ ಹೊತ್ತು. ಹಾಲಸ್ವಾಮಿಯ ಕೊರಳಿಗೆ ಬೂತ್ ಏಜೆಂಟನ ಬಿಲ್ಲೆ ಬಿದ್ದದ್ದು ಆಗ. ಮುಂದೆ ಆದದ್ದಕ್ಕೆಲ್ಲ ಆ ಬಿಲ್ಲೆಯೇ ಕಾರಣ ಎಂದು ಅವನ ಹೆಂಡತಿ ಗುರುಶಾಂತಮ್ಮ ಈಗಲೂ ಹೇಳುತ್ತಾಳೆ. ನಾನು ಪಕ್ಕದ ಮನೆಯ ಕೆಂಚಪ್ಪ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಮೊಣಕಾಲೆತ್ತರದ ಒಂದು ಗೋಡೆ. ಹಾಗಾಗಿ ನಾನು ಹೇಳುವುದರಲ್ಲಿ ಕೇಳಿದ್ದು ಕಡಿಮೆ, ಕಂಡದ್ದು ಹೆಚ್ಚು.

ನಮ್ಮೂರು ನೊಣವಿನಕೆರೆಯಿಂದ ಮೂರು ಮೈಲಿ. ಊರಲ್ಲಿ ಇರುವುದು ಎರಡೇ ಪಕ್ಷ. ಡೆಲ್ಲಿಯಲ್ಲಿ, ಬೆಂಗಳೂರಲ್ಲಿ ಅವಕ್ಕೆ ಏನೇನೋ ಹೆಸರಿರಬಹುದು. ನಮ್ಮಲ್ಲಿ ಕೂರುವ ಜಾಗದ ಮೇಲೆ ಹೆಸರು. ಡೈರಿಯ ಜಗಲಿಯಲ್ಲಿ ಕೂರುವವರು ಜಗಲಿ ಪಕ್ಷ. ಎದುರಿಗೆ ಹೋಟೆಲಿನ ಮುಂದೆ ಕೂರುವವರು ಬೆಂಚು ಪಕ್ಷ. ನಡುವಿನ ರಸ್ತೆ ಹನ್ನೆರಡು ಅಡಿ. ನಾನು ಹಾಲು ಹಾಕಿ ಜಗಲಿಯಲ್ಲಿ ಐದು ನಿಮಿಷ ಕೂತು, ಆಮೇಲೆ ಟೀಗೆ ಬೆಂಚಿಗೆ ಹೋಗುವವನು. ಎರಡು ಕಡೆಯವರೂ ನನ್ನನ್ನು ಯಾವ ಲೆಕ್ಕಕ್ಕೂ ಹಿಡಿದಿಲ್ಲ.

ಆ ವರ್ಷದ ಜಗಳ ಮತದಾರರ ಗುರುತಿನ ಚೀಟಿಯದು. ಚೀಟಿ ಇಲ್ಲದವರನ್ನು ಬೂತಿನ ಮೆಟ್ಟಿಲು ಹತ್ತಿಸಬಾರದು, ಇಲ್ಲದಿದ್ದರೆ ಸತ್ತವರ ಹೆಸರಲ್ಲಿ ಬದುಕಿರುವವರು ಬಂದು ಒತ್ತಿಹೋಗುತ್ತಾರೆ ಎಂದು ಜಗಲಿಯವರು. ಪಟ್ಟಿಯಲ್ಲಿ ಹೆಸರಿದೆ, ಊರಿಗೆಲ್ಲ ಮುಖ ಗೊತ್ತಿದೆ, ಇದು ಕಾಗದ ಕಳೆದುಕೊಂಡ ಬಡವರನ್ನು ಹೊರಗಿಡುವ ಹುನ್ನಾರ ಎಂದು ಬೆಂಚಿನವರು. ಎರಡು ಕಡೆಗೂ ಹೇಳಬಹುದಾದ ಸಾಕ್ಷಿ ನನ್ನಲ್ಲಿತ್ತು, ಯಾರೂ ಕೇಳಲಿಲ್ಲ. ಕಾಗದಕ್ಕೆ ಮುದ್ರೆ ಒತ್ತುತ್ತಿದ್ದ ಕಾಲದಲ್ಲಿ ಒಮ್ಮೆ ನಾನು ಬೂತಿಗೆ ಹೋಗುವಷ್ಟರಲ್ಲಿ ನನ್ನ ವೋಟನ್ನು ಯಾರೋ ಹಾಕಿ ಹೋಗಿದ್ದರು. ಇನ್ನೊಂದು ಸಲ, ಕಾಗದ ಸರಿಯಿಲ್ಲ ಎಂದು ನನ್ನ ತಾಯಿಯನ್ನು ಬಿಸಿಲಲ್ಲಿ ವಾಪಸ್ಸು ಕಳಿಸಿದ್ದರು. ಆದರೆ ಸತ್ತವರು ಬಂದು ಒತ್ತಿದ್ದನ್ನು ಮಾತ್ರ ನಾನು ಕಂಡಿಲ್ಲ. ನಮ್ಮೂರಲ್ಲಿ ಬದುಕಿರುವವರನ್ನು ಹೊರಡಿಸುವುದೇ ಕಷ್ಟ.

ಹಾಲಸ್ವಾಮಿಗೆ ಐವತ್ತೆಂಟು ವಯಸ್ಸು. ಮೂರು ಎಕರೆ ತೆಂಗು, ಒಳ್ಳೆಯ ಮನಸ್ಸು, ಸ್ವಲ್ಪ ದೊಡ್ಡ ಗಂಟಲು. ಅವನಿಗೆ ಜೀವನದಲ್ಲಿ ಒಂದೇ ಹೆಮ್ಮೆ: ಮೂವತ್ತು ವರ್ಷದಿಂದ ನಮ್ಮ ಬೂತಿನ ಮೊದಲ ವೋಟು ಅವನದು. ಒಂದು ಚುನಾವಣೆಯನ್ನೂ ತಪ್ಪಿಸಿದವನಲ್ಲ. ಮಗಳು ಮಧುಶ್ರೀ ಹುಟ್ಟಿದ ದಿನ ಕೂಡ ಮೊದಲು ಬೂತಿಗೆ ಹೋಗಿ ಆಮೇಲೆ ಆಸ್ಪತ್ರೆಗೆ ಹೋದ. ಅದನ್ನು ಅವನು ಎಲ್ಲರಿಗೂ ಹೇಳುತ್ತಾನೆ. ಗುರುಶಾಂತಮ್ಮನೂ ಹೇಳುತ್ತಾಳೆ, ಬೇರೆ ಧ್ವನಿಯಲ್ಲಿ.

ಡೈರಿಯ ಕಾರ್ಯದರ್ಶಿ ಜ್ಞಾನೇಶ್ ಜಗಲಿ ಪಕ್ಷದ ಊರ ಮುಖಂಡ. ಅವನು ಹಾಲಸ್ವಾಮಿಗೆ ಬಿಲ್ಲೆಯ ಜೊತೆ ಒಂದು ಸಣ್ಣ ನಿಯಮದ ಪುಸ್ತಕವನ್ನೂ ಕೊಟ್ಟ. ಹಾಲಸ್ವಾಮಿ ಅದನ್ನು ಕೈ ನೀಡಿ ದೂರ ಹಿಡಿದು ಮೂರು ದಿನ ಓದಿದ. ತಾನು ಓದಿದ್ದು ಸಾಲದೆಂದು ರಸ್ತೆಯಾಚೆಯ ಬೆಂಚಿಗೂ ಕೇಳುವಂತೆ ಓದಿದ. ಅಲ್ಲಿ ಕೂತಿದ್ದವನು ಚಿಕ್ಕರಂಗಯ್ಯ, ಪಂಕ್ಚರ್ ಅಂಗಡಿಯವನು, ಬೆಂಚು ಪಕ್ಷದ ಏಜೆಂಟು. ಇಬ್ಬರೂ ಒಂದೇ ವಯಸ್ಸಿನವರು, ಹುಡುಗರಾಗಿದ್ದಾಗ ಒಂದೇ ಕಣದಲ್ಲಿ ಕಾಯಿ ಸುಲಿದವರು. ಹಗಲು ರಸ್ತೆಯ ಆಚೀಚೆ ನಿಂತು ಬೈದುಕೊಂಡು, ಸಂಜೆ ಒಂದೇ ಚೀಲದ ಎಲೆ ಅಡಿಕೆ ಹಾಕುವವರು.

ಗುರುತಿಗೆ ನಡೆಯುವ ಹನ್ನೆರಡು ದಾಖಲೆಗಳ ಪಟ್ಟಿ ಓದುವಾಗ ಉದ್ಯೋಗ ಖಾತ್ರಿಯ ಕಾರ್ಡು ಬಂತು. ಹಾಲಸ್ವಾಮಿ ನಿಲ್ಲಿಸಿ, ಸೋಮಾರಿ ಕಾರ್ಡೂ ನಡೆಯುತ್ತಂತೆ ನೋಡಿ ಎಂದು ನಕ್ಕ. ಚಿಕ್ಕರಂಗಯ್ಯ ಅವನನ್ನೊಮ್ಮೆ ನೋಡಿ ಟೀ ಕುಡಿದ. ಮುಂದಿನ ಪುಟದಲ್ಲಿ ಹಾಲಸ್ವಾಮಿಗೆ ಬಹಳ ಹಿಡಿಸಿದ ನಿಯಮ ಇತ್ತು. ವೋಟಿಗೆ ಬಂದವರು ತಾವು ಹೇಳಿಕೊಳ್ಳುವ ಮನುಷ್ಯರಲ್ಲ ಎಂದು ಅನುಮಾನ ಬಂದರೆ ಏಜೆಂಟು ಎರಡು ರೂಪಾಯಿ ಇಟ್ಟು ತಕರಾರು ಹಾಕಬಹುದು. ಅನುಮಾನ ನಿಜವಾದರೆ ಬಂದವರು ಪೊಲೀಸರ ಕೈಗೆ. ಸುಮ್ಮನೆ ಹಾಕಿದ ತಕರಾರಾದರೆ ಎರಡು ರೂಪಾಯಿ ಸರ್ಕಾರಕ್ಕೆ. ಅಂದೇ ಹಾಲಸ್ವಾಮಿ ಒಂದು ಹೊಳೆಯುವ ಎರಡು ರೂಪಾಯಿ ನಾಣ್ಯ ಹುಡುಕಿ ಜೇಬಿಗೆ ಹಾಕಿಕೊಂಡ. ನಮ್ಮಪ್ಪನೇ ಎದ್ದು ಬಂದರೂ ಕಾರ್ಡಿಲ್ಲದೆ ಬಿಡುವುದಿಲ್ಲ ಎಂದ. ಅವನ ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಅವನು ಅಭ್ಯಾಸಕ್ಕೆ ಇಳಿದ ಮೇಲೆ. ಬೆಳಿಗ್ಗೆ ಡೈರಿಯ ಬಾಗಿಲಲ್ಲಿ ಬಿಲ್ಲೆ ಹಾಕಿಕೊಂಡು ನಿಂತು, ಹಾಲು ತಂದವರನ್ನೆಲ್ಲ ಕಾರ್ಡು ಕೇಳತೊಡಗಿದ. ಚಿಕ್ಕರಂಗಯ್ಯನ ಹೆಂಡತಿ ಭೂತಮ್ಮ ಹನ್ನೊಂದು ವರ್ಷದಿಂದ ಅಲ್ಲಿ ಹಾಲು ಹಾಕುತ್ತಿದ್ದಾಳೆ. ಅವಳನ್ನೂ ಕೇಳಿದ.

"ನಂದು ಮನೇಲೈತೆ. ನಮ್ಮ ಹಸೂದು ಕಿವೀಲೇ ಐತೆ, ಹನ್ನೆರಡು ನಂಬರು. ಹೋಗಿ ಓದ್ಕಳಿ, ಹಾಯಂಗಿಲ್ಲ," ಎಂದು ಅವಳು ಕ್ಯಾನು ಇಳಿಸಿದಳು.

ತುರುವೇಕೆರೆಯಿಂದ ಅಳಿಯ ಮೋಹನ್ ಕುಮಾರ್ ಬಂದಾಗಲೂ ಹಾಲಸ್ವಾಮಿ ಹೊಸ್ತಿಲಲ್ಲಿ ಕೈ ಚಾಚಿದ. ಅಳಿಯ ತಮಾಷೆ ಎಂದು ತಿಳಿದು ಡ್ರೈವಿಂಗ್ ಲೈಸೆನ್ಸು ಕೊಟ್ಟ. ಮಾವ ಅದನ್ನು ತಿರುಗಿಸಿ ನೋಡಿ ಮುಖಕ್ಕೆ ಹೋಲಿಸಿದ. ಅಳಿಯ ಅಂದು ಊಟ ಮಾಡದೆ ಹೊರಟ.

ಮತದಾನಕ್ಕೆ ಒಂದು ವಾರ ಇರುವಾಗ ಅಂಗನವಾಡಿ ಟೀಚರ್ ಮೀನಾ ಮನೆಮನೆಗೆ ವೋಟಿನ ಸ್ಲಿಪ್ಪು ಹಂಚಲು ಬಂದಳು. ಹಾಲಸ್ವಾಮಿಗೆ ಸ್ಲಿಪ್ಪು ಕೊಟ್ಟು, ಅಣ್ಣ, ನಂಬರು ಸರಿಯಿದೆಯೋ ಅಂತ ನೋಡಬೇಕು, ನಿಮ್ಮ ಕಾರ್ಡು ಒಂದ್ಸಲ ತೋರಿಸಿ ಎಂದಳು. ಒಳಗಿದೆ, ಆಮೇಲೆ ತೋರಿಸುತ್ತೇನೆ ಎಂದ ಹಾಲಸ್ವಾಮಿ. ಸುಳ್ಳು ಹೇಳಿರಲಿಲ್ಲ. ಎಷ್ಟು ಒಳಗಿದೆ ಎಂಬುದು ಮಾತ್ರ ಅವನಿಗೆ ಆಗಷ್ಟೇ ನೆನಪಾಗಿತ್ತು. ಅವನು ತಲೆಯೆತ್ತಿ ಅಟ್ಟ ನೋಡುತ್ತಾ ನಿಂತದ್ದನ್ನು ನಾನು ಗೋಡೆಯಾಚೆಯಿಂದ ಕಂಡೆ.

ನಮ್ಮ ಕಡೆಯ ಅಟ್ಟದ ಸಂಗತಿ ಹೊರಗಿನವರಿಗೆ ಹೇಳಬೇಕು. ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ವರ್ಷ ತುಂಬುತ್ತಾ ಬರುವವರೆಗೆ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಬತ್ತಬೇಕು, ತಿರುಳು ಚಿಪ್ಪು ಬಿಡಬೇಕು, ಅಲುಗಿಸಿದರೆ ಗುಡುಗುಡು ಎನ್ನಬೇಕು. ಆಗ ಅದು ಕೊಬ್ಬರಿ. ನಡುವೆ ಇಳಿಸಿ ಒಡೆದರೆ ಅದು ಅಡಿಗೆಗೂ ಇಲ್ಲ, ಮಂಡಿಗೂ ಇಲ್ಲ. ಅಟ್ಟದ ಮೇಲೆ ಮನೆಯ ಯಜಮಾನನ ಮಾತು ನಡೆಯುವುದಿಲ್ಲ, ಹೆಂಗಸಿನದು ನಡೆಯುತ್ತದೆ. ಹೋದ ಕಾರ್ತಿಕದಲ್ಲಿ ಗುರುಶಾಂತಮ್ಮ ಎಂಟು ಸಾವಿರ ಕಾಯಿ ಏರಿಸಿದ್ದಳು. ಏರಿಸುವ ಮುನ್ನ ಹಾಲಸ್ವಾಮಿ ಮನೆಯ ಕಾಗದ ಪತ್ರವೆಲ್ಲ ಇದ್ದ ತಗಡಿನ ಟ್ರಂಕನ್ನು ತಾನೇ ಹೊತ್ತು ಅಟ್ಟದ ಹಿಂದಿನ ಮೂಲೆಗೆ ತಳ್ಳಿ, ಅದರ ಮುಂದೆ ಕಾಯಿ ತುಂಬಿಸಿದ್ದ. ಕಳ್ಳ ಬಂದರೆ ಎಂಟು ಸಾವಿರ ಕಾಯಿ ಇಳಿಸಿಯೇ ಕಾಗದ ಮುಟ್ಟಬೇಕು ಎಂದು ಜಗಲಿಯಲ್ಲಿ ಹೇಳಿಕೊಂಡಿದ್ದ. ಕಳ್ಳನಿಗೆ ಕಾಗದ ಯಾಕೆ ಬೇಕು ಎಂದು ಆಗ ಯಾರೂ ಕೇಳಲಿಲ್ಲ.

ಗುರುಶಾಂತಮ್ಮನನ್ನು ಅವನು ಮೆಲ್ಲಗೆ ಕೇಳಿದ: ಟ್ರಂಕು ತೆಗೆಯಬೇಕಲ್ಲ. ಗೌರಿ ಹಬ್ಬ ಕಳೆದ ಮೇಲೆ ತೆಗೆಯಿರಿ ಎಂದಳು ಅವಳು.

ಸೋಮವಾರ ಅವಳು ನೊಣವಿನಕೆರೆಗೆ ಮಠಕ್ಕೆ ಹೋದಳು. ಬಸ್ಸಿನ ಸದ್ದು ಅಡಗುವ ಮೊದಲೇ ಹಾಲಸ್ವಾಮಿ ಏಣಿ ಹಾಕಿದ. ಒಬ್ಬನೇ ಎಲ್ಲ ಕಾಯಿ ಇಳಿಸಲಾರ. ಆದ್ದರಿಂದ ರಾಶಿಯ ಕೆಳಗೆ ಒಂದು ದಾರಿ ಕೊರೆದು ತೆವಳಿ ಹೋಗುವ ಯೋಚನೆ ಮಾಡಿದ. ಬುಡದ ನಾಲ್ಕು ಕಾಯಿ ಎಳೆದ. ಮೇಲಿನವು ಸ್ವಲ್ಪ ಯೋಚಿಸಿದವು. ಆಮೇಲೆ ಗುಡ್ಡ ಜರಿದ ಹಾಗೆ ಸದ್ದಾಯಿತು. ಅಟ್ಟದ ಬಾಯಿಂದ ಕಾಯಿಗಳು ಏಣಿ ಹಿಡಿದು ಇಳಿದವು, ನಡುಮನೆ ದಾಟಿದವು, ಹೊಸ್ತಿಲು ಹಾರಿದವು. ನಮ್ಮ ಬೀದಿ ಹೋಟೆಲಿನ ಕಡೆಗೆ ಇಳಿಜಾರು. ಮುನ್ನೂರು ಕಾಯಿ ಒಂದರ ಹಿಂದೆ ಒಂದು ಮೆರವಣಿಗೆ ಹೊರಟು, ಹೋಟೆಲಿನ ಪಕ್ಕ ಚಿಕ್ಕರಂಗಯ್ಯ ಸುಲಿಯಲು ಹಾಕಿಕೊಂಡಿದ್ದ ರಾಶಿಯೊಳಗೆ ಸೇರಿಕೊಂಡವು.

ಹಾಲಸ್ವಾಮಿ ಮೈಯೆಲ್ಲ ಧೂಳಾಗಿ ಓಡಿ ಬಂದ. ಇಲಿ ನೋಡಲು ಹತ್ತಿದ್ದೆ ಎಂದ. ತನ್ನ ಕಾಯಿ ಯಾವುವು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ ಎಂದು ಆರಿಸತೊಡಗಿದ.

ಚಿಕ್ಕರಂಗಯ್ಯ ರಾಶಿಯ ಮೇಲೆ ಒಂದು ಕಾಲಿಟ್ಟ. "ಮುಖ ನೋಡಿ ಹೇಳಂಗಿಲ್ಲ ಕಣ್ಲಾ. ಒಂದೊಂದು ಕಾಯಿಗೂ ಕಾರ್ಡು ತೋರ್ಸು, ತಗಂಡೋಗು."

ಬೆಂಚಿನ ಮೇಲಿದ್ದವರು ಬಹಳ ಹೊತ್ತು ನಕ್ಕರು. ಜಗಲಿಯವರೂ ನಕ್ಕರು, ಪಕ್ಷ ನೆನಪಾಗಿ ನಿಲ್ಲಿಸಿದರು. ಕೊನೆಗೆ ಎಣಿಸಿ ಅಂದಾಜಿಗೆ ಮುನ್ನೂರು ಕೊಟ್ಟು ಕಳಿಸಿದ್ದಾಯಿತು. ಸಂಜೆ ಗುರುಶಾಂತಮ್ಮ ಬಸ್ಸಿಳಿಯುವಾಗಲೇ ನಾಲ್ಕು ಜನ ನಾಲ್ಕು ಥರ ಹೇಳಿದರು. ಅವಳು ಏಣಿಯನ್ನು ತೆಗೆದು ನಮ್ಮ ಮನೆಯ ಹಿತ್ತಿಲಲ್ಲಿ ಇಟ್ಟು ಹೋದಳು.

ಮಂಗಳವಾರ ಹಾಲಸ್ವಾಮಿ ನನ್ನನ್ನು ಕರೆದುಕೊಂಡು ನೊಣವಿನಕೆರೆಗೆ ಹೋದ. ದಾರಿಯಲ್ಲಿ, ಯಾರಿಗೂ ಹೇಳಬೇಡ ಕೆಂಚಪ್ಪಣ್ಣ ಎಂದು ಮೂರು ಸಲ ಹೇಳಿದ. ಮೂವತ್ತು ವರ್ಷದಲ್ಲಿ ತಪ್ಪಿದ್ದಿಲ್ಲ, ಈ ಸಲ ತಪ್ಪಿದರೆ ಮುಖ ಎತ್ತಿ ಹೇಗೆ ಓಡಾಡಲಿ ಎಂದ. ಅಲ್ಲಿ ಕಂಪ್ಯೂಟರ್ ಅಂಗಡಿಯ ಮಂಗಳಾ ಒಳ್ಳೆಯ ಹುಡುಗಿ. ಕಳೆದ ಕಾರ್ಡು ಹೊಸದಾಗಿ ಬರಲು ತಿಂಗಳು ಹಿಡಿಯುತ್ತದೆ, ಆಧಾರ್ ಆದರೆ ಈಗಲೇ ತೆಗೆದು ಕೊಡುತ್ತೇನೆ, ಫೋನಿಗೆ ಬಂದ ನಂಬರು ಹೇಳಿ ಎಂದಳು. ಆ ಫೋನ್ ನಂಬರು ಅಳಿಯನದು. ಹಾಲಸ್ವಾಮಿ ಫೋನು ಮಾಡಿದ. ಅಳಿಯ, ಮಾತಾಡುತ್ತಿರುವವರು ಮಾವನೇ ಎಂದು ನಾನು ಹೇಗೆ ನಂಬಲಿ ಎಂದು ಕೇಳಿ ಫೋನಿಟ್ಟ.

ಹಾಗಾದರೆ ಹೆಬ್ಬೆಟ್ಟು ಇಡಿ ಎಂದಳು ಮಂಗಳಾ. ಇಟ್ಟ. ಮೆಷಿನ್ನು ಒಪ್ಪಲಿಲ್ಲ. ಹತ್ತು ಬೆರಳೂ ಇಟ್ಟ. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟ. ಅವಳು ಅವನ ಕೈ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದಳು.

"ಅಜ್ಜ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ಲ."

ನಲವತ್ತು ವರ್ಷ ಕಾಯಿ ಸುಲಿದ ಕೈ. ಗೆರೆಗಳೆಲ್ಲ ನಾರಿನ ಜೊತೆ ಹೋಗಿದ್ದವು. ನಾನು ನನ್ನ ಕೈಯನ್ನೂ ನೋಡಿಕೊಂಡೆ. ಅಲ್ಲಿಯೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ಹಾಲಸ್ವಾಮಿ ಬಿಲ್ಲೆಯನ್ನು ಅಂಗಿಯೊಳಗೆ ಹಾಕಿಕೊಂಡಿದ್ದ. ಊರು ಬರುವಾಗ ಹೊರಗೆ ತೆಗೆದ.

ಶುಕ್ರವಾರ ಮತದಾನ. ಶಾಲೆಯೇ ಬೂತು. ಬೆಳಿಗ್ಗೆ ಬಾಗಿಲು ತೆರೆದಾಗ ಗಂಡಸರ ಸಾಲಿನ ಮೊದಲ ಜಾಗವನ್ನು ಎಂದಿನಂತೆ ಹಾಲಸ್ವಾಮಿಗೆ ಬಿಟ್ಟಿದ್ದರು. ಅವನು ಒಳಗಿನ ಬೆಂಚಿನಿಂದ ಏಳಲಿಲ್ಲ. ಏಜೆಂಟನಿಗೆ ಕರ್ತವ್ಯ ಮೊದಲು, ನನ್ನದು ಕೊನೆಗೆ ಎಂದು ಕಿಟಕಿಯಿಂದ ಹೇಳಿ ಕಳಿಸಿದ. ಸಾಲಿನಲ್ಲಿ ಗುಸುಗುಸು ಎದ್ದಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕರಂಗಯ್ಯ ಅವನ ಮುಖವನ್ನೇ ನೋಡಿದ. ಆ ಸಲ ಬೂತಿನ ಮೊದಲ ವೋಟು ಗುರುಶಾಂತಮ್ಮನದು. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಚೀಲದಿಂದ ಒಂದು ದಪ್ಪ ಪ್ಲಾಸ್ಟಿಕ್ ಕವರು ತೆಗೆದು, ಅದರಿಂದ ತನ್ನ ಕಾರ್ಡು ತೆಗೆದು ತೋರಿಸಿ, ಬೆರಳಿಗೆ ಶಾಯಿ ಹಾಕಿಸಿಕೊಂಡು, ಗಂಡನ ಕಡೆ ನೋಡದೆ ಹೋದಳು. ಅವಳು ಯಾವಾಗಲೂ ಗಂಡ ಒತ್ತಿದ್ದರ ಎದುರಿನದಕ್ಕೆ ಒತ್ತುತ್ತಾಳೆ ಎಂದು ಊರಿಗೆ ಗುಮಾನಿ.

ಹತ್ತು ಗಂಟೆಗೆ ನಾನು ಹುಚ್ಚಕ್ಕನ ಕೈ ಹಿಡಿದು ಕರೆತಂದೆ. ಹುಚ್ಚಕ್ಕನಿಗೆ ಎಂಬತ್ತೆರಡು. ಹಿಂದೆ ಸುತ್ತಲಿನ ಆರು ಹಳ್ಳಿಗೆ ಸೂಲಗಿತ್ತಿ. ಕೆರೆ ಏರಿಯ ಕೆಳಗಿನ ಮನೆಯಿಂದ ನಾಲ್ಕು ಕಡೆ ಕೂತು ಎದ್ದು ಬಂದಿದ್ದಳು. ಅವಳ ವೋಟಿನ ಕಾರ್ಡು ಮನೆ ಸೋರಿದ ವರ್ಷ ಹಾಳಾಗಿತ್ತು. ಪಿಂಚಣಿ ಬರುವ ಅಂಚೆ ಪಾಸ್‌ಬುಕ್ಕು ಇತ್ತು, ಫೋಟೋ ಇರುವಂಥದು, ಹನ್ನೆರಡರ ಪಟ್ಟಿಯಲ್ಲಿ ಬರುವಂಥದು. ಫೋಟೋ ಮಾತ್ರ ಹಳೆಯದು. ಅದರಲ್ಲಿ ಕೆನ್ನೆ ತುಂಬಿತ್ತು, ಕೂದಲು ಕಪ್ಪಿತ್ತು, ಮೂಗಿನಲ್ಲಿ ದೊಡ್ಡ ನತ್ತಿತ್ತು.

ಬೆಳಿಗ್ಗೆಯಿಂದ ಇನ್ನೂರು ಜನ ಕಾರ್ಡು ಹಿಡಿದು ಬಂದಿದ್ದರು. ಒಬ್ಬರ ಮೇಲೂ ಅನುಮಾನಪಡುವ ಅವಕಾಶ ಸಿಕ್ಕಿರಲಿಲ್ಲ. ಕಿಟಕಿಯಾಚೆ ಜಗಲಿಯವರು ಇಣುಕುತ್ತಿದ್ದರು. ಹಾಲಸ್ವಾಮಿ ಪಾಸ್‌ಬುಕ್ಕಿನ ಫೋಟೋ ನೋಡಿದ, ಹುಚ್ಚಕ್ಕನನ್ನು ನೋಡಿದ, ಎದ್ದು ನಿಂತು ಜೇಬಿನಿಂದ ನಾಣ್ಯ ತೆಗೆದು ಮೇಜಿನ ಮೇಲಿಟ್ಟ.

"ತಕರಾರು," ಎಂದ.

ಬೂತಿನ ಅಧಿಕಾರಿ ಭವ್ಯಶ್ರೀ ಮೇಡಂ, ಬೇರೆ ತಾಲ್ಲೂಕಿನ ಹೈಸ್ಕೂಲ್ ಟೀಚರು. ಸಮಾಧಾನದ ಹೆಂಗಸು. ಇವರು ಹುಚ್ಚಕ್ಕ ಅಲ್ಲ ಎಂದು ನಿಮಗೆ ಗೊತ್ತೇ ಎಂದು ಕೇಳಿದರು. ಹಾಲಸ್ವಾಮಿ, ಫೋಟೋದಲ್ಲಿ ಇರುವವರು ಬೇರೆ ಥರ ಇದ್ದಾರೆ, ರೂಲ್ಸು ಅಂದರೆ ರೂಲ್ಸು ಎಂದ. ಧ್ವನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

ಹುಚ್ಚಕ್ಕನಿಗೆ ಏನಾಗುತ್ತಿದೆ ಎಂದು ನಾನು ಕಿವಿಯಲ್ಲಿ ಹೇಳಿದೆ. ಅವಳು ಕಣ್ಣು ಸಣ್ಣ ಮಾಡಿಕೊಂಡು ಅವನ ಕಡೆ ತಿರುಗಿದಳು.

"ನಾನ್ಯಾರು ಅಂತ ನಿಂಗೆ ಗೊತ್ತಿಲ್ವ ಮಗ? ಹೋಗ್ಲಿ ಬುಡು. ನೀನ್ಯಾರು ಅಂತ ನಿಮ್ಮವ್ವಂಗಿಂತ ಮುಂಚೆ ನೋಡ್ದೋಳು ನಾನು. ಗಂಡು ಅಂತ ಕೂಗಿ ಹೇಳ್ದೋಳೂ ನಾನೇ. ಆವತ್ತು ನಿನ್ ತಾವ ಯಾವ ಕಾರ್ಡಿತ್ತು?"

ಅದು ನಿಜ. ಅಂದು ಅವಳನ್ನು ಕರೆಯಲು ಓಡಿದವನು ನಾನು, ಆಗ ನನಗೆ ಹದಿನಾರು. ಸಾಲಿನಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಲೋಕಕ್ಕೆ ಬಂದವರು. ಯಾರೂ ನಗಲಿಲ್ಲ. ಹಾಲಸ್ವಾಮಿ ಕೂತುಕೊಂಡ. ಮೇಡಂ ಚಿಕ್ಕರಂಗಯ್ಯನನ್ನೂ ನನ್ನನ್ನೂ ವಿಚಾರಿಸಿ ಬರೆದುಕೊಂಡು, ಇವರೇ ಹುಚ್ಚಕ್ಕ ಎಂದು ಒಳಗೆ ಬಿಟ್ಟರು. 'ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದೀರಿ ಅಂದುಕೊಳ್ಳುತ್ತೇನೆ' ಎಂದು ನಾಣ್ಯವನ್ನು ಅವನ ಮುಂದೆ ಸರಿಸಿದರು.

ಹುಚ್ಚಕ್ಕ ಒತ್ತಿ ಬಂದ ಮೇಲೆ ಚಿಕ್ಕರಂಗಯ್ಯ ಎದ್ದ. ನಿಯಮದ ಪುಸ್ತಕದ ಒಂಬತ್ತನೇ ಪುಟದಲ್ಲಿ ಏಜೆಂಟೂ ತನ್ನ ಗುರುತಿನ ಚೀಟಿ ಇಟ್ಟುಕೊಂಡಿರಬೇಕು ಎಂದಿದೆ ಮೇಡಂ, ಇವರೇ ರಸ್ತೆಯಾಚೆಯಿಂದ ನನಗೆ ಓದಿ ಹೇಳಿದ್ದು ಎಂದು, ತನ್ನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಮೇಡಂ ಹಾಲಸ್ವಾಮಿಯ ಕಡೆ ನೋಡಿದರು. ಹಾಲಸ್ವಾಮಿ ಬಿಲ್ಲೆ ತೋರಿಸಿದ. ಬಿಲ್ಲೆ ಹನ್ನೆರಡರಲ್ಲಿ ಇರಲಿಲ್ಲ. ಅವನು ಅಟ್ಟದ ಸಂಗತಿ ಹೇಳಲು ಶುರು ಮಾಡಿದ, ಅರ್ಧದಲ್ಲಿ ನಿಲ್ಲಿಸಿದ. ಮೇಡಂ ಅವನನ್ನು ಹೊರಗೆ ಕಳಿಸಿದರು, ಬಿಲ್ಲೆ ಜ್ಞಾನೇಶನ ಕೊರಳಿಗೆ ಹೋಯಿತು. ನಾಣ್ಯ ಮೇಜಿನ ಮೇಲೇ ಉಳಿಯಿತು.

ಹಾಲಸ್ವಾಮಿಯ ಬಳಿ ಕಾರ್ಡಿಲ್ಲ ಎನ್ನುವ ಸುದ್ದಿ ಅವನಿಗಿಂತ ಮೊದಲು ಮನೆ ಸೇರಿತ್ತು. ಹಿಂದೆಯೇ ಜಗಲಿಯ ಹತ್ತು ಜನ ಬಂದರು. ಸಾಲಾಗಿ ನಿಂತು ಕೈಯಿಂದ ಕೈಗೆ ಕಾಯಿ ಇಳಿಸಿದರೆ ನಾಲ್ಕು ಗಂಟೆಗೆ ಟ್ರಂಕು ಸಿಗುತ್ತದೆ, ಪಕ್ಷದ ಮಾನ ಉಳಿಯುತ್ತದೆ ಎಂದರು. ಒಬ್ಬ ನನ್ನ ಹಿತ್ತಿಲಿನಿಂದ ಏಣಿ ತಂದು ನಿಲ್ಲಿಸಿದ. ಗುರುಶಾಂತಮ್ಮ ಅಡಿಗೆಮನೆಯಿಂದ ಬಂದು ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತು ರಾಗಿ ಹಿಟ್ಟು ಜರಡಿ ಹಿಡಿಯತೊಡಗಿದಳು.

"ಹತ್ರಪ್ಪ, ಯಾರು ಬೇಡ ಅಂದೋರು? ಹತ್ತೋರು ಮೊದ್ಲು ಗುರುತಿನ ಚೀಟಿ ತೋರ್ಸಿ. ಈ ಕಾಯಿ ಏರ್ಸೋವಾಗ ಇದ್ದೋರು ನೀವೇನಾ ಅಂತ ನಾನು ನೋಡ್ಕಬೇಕು."

ಹತ್ತು ಜನವೂ ಮಜ್ಜಿಗೆ ಕುಡಿದು ಹೋದರು.

ಹಾಲಸ್ವಾಮಿ ತನ್ನ ಮನೆಯ ಜಗಲಿಯ ಕಂಬಕ್ಕೆ ಒರಗಿ ಕೂತ. ಮೂರು ಗಂಟೆಯಾಯಿತು, ನಾಲ್ಕಾಯಿತು. ಬೀದಿಯಲ್ಲಿ ಹೋಗುವವರೆಲ್ಲ ಎಡಗೈ ಬೆರಳಿನ ಶಾಯಿ ಕಾಣುವಂತೆ ಬೀಸಿಕೊಂಡು ಹೋದರು, ಅಥವಾ ಅವನಿಗೆ ಹಾಗೆ ಕಂಡಿತು. ಅವನು ತನ್ನ ಬೆರಳನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದ.

ನಾಲ್ಕೂವರೆಗೆ ಹುಚ್ಚಕ್ಕ ಮತ್ತೆ ಬಂದಳು, ಈ ಸಲ ಭೂತಮ್ಮನ ಕೈ ಹಿಡಿದು. ಜಗಲಿಯ ಮೇಲೆ ಕೂತು ಉಸಿರು ಬಿಟ್ಟು, ಮಡಿಲಿನಿಂದ ಒಂದು ಮಡಿಸಿದ ಹಳದಿ ರಟ್ಟು ತೆಗೆದು ಹಾಲಸ್ವಾಮಿಯ ಮುಂದಿಟ್ಟಳು.

ಅದು ಉದ್ಯೋಗ ಖಾತ್ರಿಯ ಕಾರ್ಡು. ಏಳು ವರ್ಷದ ಹಿಂದೆ ಹಾಲಸ್ವಾಮಿ ತನ್ನ ತೋಟದಲ್ಲಿ ಇಂಗುಗುಂಡಿ ತೆಗೆಸಲು ಮಾಡಿಸಿಕೊಂಡದ್ದು. ಗುಂಡಿ ಸ್ವಂತ ದುಡ್ಡಿನದು ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಸರ್ಕಾರದ ಕೂಲಿಯದು ಎಂಬುದು ಆಗ ಕೆಲಸ ಮಾಡಿಸಿದ ಚಿಕ್ಕರಂಗಯ್ಯನಿಗೆ ಗೊತ್ತಿತ್ತು, ಗೋಡೆಯಾಚೆಯ ನನಗೆ ಗೊತ್ತಿತ್ತು. ನಾವಿಬ್ಬರೂ ಏಳು ವರ್ಷ ಬಾಯಿ ಬಿಟ್ಟಿರಲಿಲ್ಲ. ಆ ಕಾಲದ ಕಾರ್ಡುಗಳೆಲ್ಲ ಭೂತಮ್ಮನ ರಾಗಿ ಡಬ್ಬದ ಹಿಂದೆ ಒಂದು ಚೀಲದಲ್ಲಿ ಇದ್ದವು. ಮಧ್ಯಾಹ್ನ ಊಟ ತೆಗೆದುಕೊಂಡು ಹೋದಾಗ ಗಂಡ ಹೇಳಿ ಕಳಿಸಿದ್ದ.

ಚಿಕ್ಕರಂಗ ಏನಂದ ಎಂದು ಹಾಲಸ್ವಾಮಿ ಕೇಳಿದ.

"ಅವನ ವೋಟು ನಮಗೆ ಬೀಳಲ್ಲ ಅಂತ ಗೊತ್ತು, ಆದ್ರೂ ಕೊಟ್ಬುಡು ಅಂದ್ರು," ಎಂದಳು ಭೂತಮ್ಮ. "ಅವನು ಹಾಕ್ದೆ ನಾವು ಗೆದ್ರೆ ರಸ್ತೆ ಆಚೆ ಯಾರನ್ನ ಬೈಯೋದು ಅಂದ್ರು."

ಹಾಲಸ್ವಾಮಿ ಕಾರ್ಡನ್ನು ಅಂಗಿಯೊಳಗೆ ಬಚ್ಚಿಡಲು ನೋಡಿದ. ಹುಚ್ಚಕ್ಕ, ಕೈಯಲ್ಲೇ ಹಿಡ್ಕ ಎಂದಳು. ಸೋಮಾರಿ ಕಾರ್ಡನ್ನು ಎದೆಯ ಮುಂದೆ ಹಿಡಿದುಕೊಂಡು ಅವನು ಡೈರಿ ಮತ್ತು ಹೋಟೆಲಿನ ನಡುವಿನ ಹನ್ನೆರಡು ಅಡಿ ರಸ್ತೆಯಲ್ಲಿ ನಡೆದ. ಹಿಂದೆ ಹುಚ್ಚಕ್ಕ, ಅವಳನ್ನು ಹಿಡಿದುಕೊಂಡು ನಾನು. ಎರಡು ಕಡೆಯವರೂ ನೋಡಿದರು. ಏನಾದರೂ ಅನ್ನಬೇಕೆಂದು ಬಾಯಿ ತೆರೆದವರು ಹುಚ್ಚಕ್ಕನನ್ನು ಕಂಡು ಮುಚ್ಚಿಕೊಂಡರು.

ಐದೂ ಕಾಲಿಗೆ ಬೂತು ಖಾಲಿ ಇತ್ತು. ಮೊದಲ ಮೇಜಿನವರು ಹಳದಿ ಕಾರ್ಡು ಬಿಡಿಸಿದರು. ಅದರ ಫೋಟೋದಲ್ಲಿ ಹಾಲಸ್ವಾಮಿಗೆ ಪೊದೆಯಂಥ ಕರಿ ಮೀಸೆ, ತಲೆ ತುಂಬ ಕೂದಲು. ಈಗ ಎರಡೂ ಇರಲಿಲ್ಲ. ಜ್ಞಾನೇಶ್ ಫೋಟೋ ನೋಡಿದ, ಎದುರು ನಿಂತವನನ್ನು ನೋಡಿದ. ಹದಿನೈದು ದಿನ ಡೈರಿಯ ಬಾಗಿಲಲ್ಲಿ ಹಾಲಸ್ವಾಮಿಯ ಪಾಠ ಕೇಳಿದವನು ಅವನು. ಕೈ ತಾನಾಗಿ ಮೇಜಿನ ಮೇಲಿನ ನಾಣ್ಯಕ್ಕೆ ಹೋಯಿತು.

"ತಕರಾರು," ಎಂದ ಜ್ಞಾನೇಶ್.

ತನ್ನ ಪಕ್ಷದವನೇ, ತನ್ನ ನಾಣ್ಯವನ್ನೇ ಇಟ್ಟದ್ದನ್ನು ಹಾಲಸ್ವಾಮಿ ನೋಡಿದ. ಮೇಡಂ ಕನ್ನಡಕ ಸರಿಮಾಡಿಕೊಂಡು ಹೊಸ ಹಾಳೆ ತೆಗೆದರು. ಇವರನ್ನು ಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳಿದರು.

ಚಿಕ್ಕರಂಗಯ್ಯ ಎದ್ದು, ಬಲ್ಲೆ ಮೇಡಂ, ಇವನು ಹಾಲಸ್ವಾಮಿ, ನಮ್ಮೆದುರು ಪಕ್ಷದವನು ಎಂದ. ಬೇರೆ ಯಾರಾದರೂ ಎಂದರು ಮೇಡಂ. ಬಾಗಿಲಲ್ಲಿ ಹುಚ್ಚಕ್ಕ ನನ್ನ ಕೈ ಬಿಡಿಸಿಕೊಂಡು ಮುಂದೆ ಬಂದಳು.

"ನಾನು ಬಲ್ಲೆ ಕಣವ್ವ. ಸೊಂಟದ ಕೆಳಗೆ ಎಡಗಡೆ ಒಂದು ಮಚ್ಚೆ ಐತೆ, ಹುಣಸೆ ಬೀಜದಷ್ಟು. ಬೇಕಾದ್ರೆ ನೋಡ್ಕಳಿ."

"ಬೇಡ ಅಜ್ಜಿ," ಎಂದರು ಭವ್ಯಶ್ರೀ ಮೇಡಂ. "ಅದು ಹನ್ನೆರಡರಲ್ಲಿ ಬರಲ್ಲ. ಕಾರ್ಡಿದೆ, ಬಲ್ಲವರಿದ್ದಾರೆ, ಸಾಕು."

ತಕರಾರು ಬಿದ್ದುಹೋಯಿತು. ಎರಡು ರೂಪಾಯಿ ಈ ಸಲ ಸರ್ಕಾರದ ಲಕೋಟೆಗೆ ಸೇರಿತು. ಹಾಲಸ್ವಾಮಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಒಳಗೆ ಹೋಗಿ ಒತ್ತಿದ. ಮೂವತ್ತು ವರ್ಷ ಮೊದಲನೆಯವನಾಗಿದ್ದವನು ಅಂದು ಕೊನೆಯವನು. ಹೊರಗೆ ಬಂದು ಮೆಟ್ಟಿಲ ಮೇಲೆ ಹುಚ್ಚಕ್ಕನ ಪಕ್ಕ ಕೂತ.

ಯಾರು ಗೆದ್ದರು ಎಂಬುದು ಹಳೆಯ ಮಾತಾಯಿತು. ಭಾದ್ರಪದದಲ್ಲಿ ಗೌರಿ ಹಬ್ಬ ಕಳೆದು, ಗುರುಶಾಂತಮ್ಮ ಒಂದು ಕಾಯಿ ಅಲುಗಿಸಿ ಕಿವಿಗೆ ಹಿಡಿದು, ಇಳಿಸಬಹುದು ಎಂದಳು. ಎರಡು ಪಕ್ಷದವರೂ ಬಂದು ಇಳಿಸಿದರು. ಎಲ್ಲ ಕಾಯಿ ಇಳಿದ ಮೇಲೆ ಹಾಲಸ್ವಾಮಿ ಟ್ರಂಕು ಹೊತ್ತು ತಂದು ಎಲ್ಲರೆದುರು ಬೀಗ ತೆಗೆದ. ಒಳಗೆ ನಾಲ್ಕು ಹಳೆಯ ಪಂಚಾಂಗ, ಒಂದು ಸವೆದ ಚಪ್ಪಲಿ.

ಗುರುಶಾಂತಮ್ಮ ಸೊಂಟದ ಚೀಲದಿಂದ ಆ ದಪ್ಪ ಪ್ಲಾಸ್ಟಿಕ್ ಕವರು ತೆಗೆದು, ಅದರಿಂದ ಗಂಡನ ವೋಟಿನ ಕಾರ್ಡು ತೆಗೆದು ಅವನ ಕೈಗಿಟ್ಟಳು. ಅಟ್ಟದಲ್ಲಿ ಇಲಿ ಕಾಟ ಎಂದು ಕಾರ್ತಿಕದಲ್ಲೇ, ಕಾಯಿ ಏರಿಸುವ ಮೊದಲೇ, ಎಲ್ಲವನ್ನೂ ತೆಗೆದಿಟ್ಟಿದ್ದಳಂತೆ.

ಹಾಗಾದರೆ ಅವತ್ತು ಹೇಳಬಾರದಿತ್ತೇ ಎಂದ ಹಾಲಸ್ವಾಮಿ.

"ನೀವು ಟ್ರಂಕು ಕೇಳಿದ್ರಿ ಕಣ್ರೀ. ಕಾರ್ಡು ಕೇಳಿದ್ರಾ?"

ಅದೇ ತಿಂಗಳು ಹುಚ್ಚಕ್ಕನ ಮಗಳು ಶೆಟ್ಟಿಕೆರೆಯಿಂದ ಬಂದು, ಇನ್ನು ಒಬ್ಬಳೇ ಇರುವುದು ಬೇಡ ಎಂದು ತಾಯಿಯನ್ನು ಹೊರಡಿಸಿದಳು. ಬಟ್ಟೆ ಗಂಟಿಗಿಂತ ಮೊದಲು ಹುಚ್ಚಕ್ಕ ಕೇಳಿದ್ದು ವೋಟಿನ ವಿಚಾರ. ಅಲ್ಲಿ ಹೋದರೆ ತನ್ನ ವೋಟು ಏನಾಗುತ್ತದೆ ಎಂದು. ಹೆಸರನ್ನು ಅಲ್ಲಿಗೆ ಬದಲಾಯಿಸುವ ಅರ್ಜಿ ಹಿಡಿದು ಟೀಚರ್ ಮೀನಾ ಬಸ್ ಸ್ಟಾಪಿಗೆ ಬಂದಳು. ಈ ಊರಲ್ಲಿ ಇವರನ್ನು ಬಲ್ಲವರು ಯಾರು, ಒಬ್ಬರ ಹೆಸರು ಬರೆದುಕೊಳ್ಳಬೇಕು ಎಂದಳು. ಹುಚ್ಚಕ್ಕನ ಗಂಟನ್ನು ಹೊತ್ತು ಬಂದಿದ್ದ ಹಾಲಸ್ವಾಮಿ ಅದನ್ನು ಇಳಿಸದೆಯೇ, ನನ್ನ ಹೆಸರು ಬರ್ಕೋ ಎಂದ.

ಎಷ್ಟು ವರ್ಷದಿಂದ ಬಲ್ಲಿರಿ ಅಣ್ಣ ಎಂದು ಮೀನಾ ಕೇಳಿದಳು.

"ಐವತ್ತೆಂಟು ವರ್ಷ, ಐದು ತಿಂಗ್ಳು. ಅದಕ್ಕೂ ಮುಂಚೆ ನಾನೇ ಇರ್ಲಿಲ್ಲ."

ಬಸ್ಸು ಬಂತು. ಹೆಂಗಸರ ಬಿಟ್ಟಿ ಟಿಕೆಟಿಗೆ ಕಂಡಕ್ಟರ್ ಗುರುತಿನ ಚೀಟಿ ಕೇಳಿದ. ಹುಚ್ಚಕ್ಕ ಮಡಿಲಿನಿಂದ ಪಾಸ್‌ಬುಕ್ಕು ತೆಗೆದು ಕೊಟ್ಟಳು. ಕಂಡಕ್ಟರ್ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಹಾಲಸ್ವಾಮಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಕಂಡಕ್ಟರ್ ಟಿಕೆಟು ಕೊಟ್ಟ. ಹುಚ್ಚಕ್ಕ ಶೆಟ್ಟಿಕೆರೆಗೆ ಹೋದಳು.